ಬೆಳೆಯದ ಡಿಸ್ಕು

ತೀರಿಕೊಂಡ ಮೇಲೆ ಇಂದುಮತಿಯವರು ಎಲ್ಲರಂತೆ, ಸತ್ತವರ ಮನಸ್ಸನ್ನು ಕಂಪ್ಯೂಟರಿನೊಳಗೆ ಉಳಿಸುವ ವರ್ಚುವಲ್ ಮಷೀನಿಗೆ ಬಂದಿದ್ದರು. ವಠಾರದ ನಲ್ಲಿಯಂತೆ ಅಲ್ಲಿ ನೂರು ಜನರ ನೆನಪಿಗೆ ಒಂದೇ ಡಿಸ್ಕು. ಗಂಡನ ಮುಖ ನೆನಪಾಗಬೇಕೆಂದರೂ ಸರದಿ ಕಾಯಬೇಕಿತ್ತು. ಬೇಸತ್ತು, ಮಗಳು ವಿಭಾಳಿಗೆ ಹೇಳಿ ಸ್ವಂತ ಡಿಸ್ಕು ಹಾಕಿಸಿಕೊಂಡರು.

“ಇದು ಫಾಸ್ಟು, ಆದ್ರೆ ಬೆಳೆಯಲ್ಲ. ಹೊಸದೇನೂ ಇದರಲ್ಲಿ ಉಳಿಯಲ್ಲಮ್ಮ,” ಎಂದು ರಿಪೇರಿಯವನು ಮೊದಲೇ ಎಚ್ಚರಿಸಿದ್ದ.

“ಸತ್ತ ಮೇಲೆ ಹೊಸದೇನಪ್ಪ ಇರುತ್ತೆ?” ಎಂದು ಅವರು ನಕ್ಕಿದ್ದರು.

ಈಗ ಎಲ್ಲವೂ ಥಟ್ಟನೆ ನೆನಪಾಗುತ್ತದೆ: ಗಂಡನ ಮುಖ, ಮದುವೆ ಸೀರೆಯ ಅಂಚು, ವಿಭಾಳ ಮೊದಲ ಹಲ್ಲು.

ಪರದೆಯಲ್ಲಿ ವಿಭಾ ಕಾಣಿಸಿಕೊಂಡಳು. ಅವಳಿಗೆ ಯಾವಾಗ ತಲೆ ನರೆಯಿತೋ ತಿಳಿಯಲಿಲ್ಲ. ಪಕ್ಕದಲ್ಲಿ ಯೂನಿಫಾರ್ಮ್ ತೊಟ್ಟ ಒಬ್ಬ ಹುಡುಗಿಯಿದ್ದಳು.

“ನನ್ನ ಹೆಸರು ಇಂದುಮತಿ. ನಿನ್ನ ಮೊಮ್ಮಗಳು. ಮೂರನೇ ಕ್ಲಾಸು,” ಎಂದಳು ಹುಡುಗಿ, ಯಾರೂ ಕೇಳುವ ಮೊದಲೇ.

“ನನ್ನ ಹೆಸರೇ ಇಟ್ಟೆಯೇನೇ, ವಿಭಾ?”

“ಬೇರೆ ಹೆಸರು ನಿನ್ನಲ್ಲಿ ನಿಲ್ಲಲ್ವಲ್ಲಮ್ಮ.”

ಶಾಲೆಯಲ್ಲಿ ಹಾಜರಿ ಹೇಳುವಂತಿದ್ದ ಆ ಹುಡುಗಿಯ ದನಿಯಿಂದಲೇ ಇಂದುಮತಿಯವರಿಗೆ ಎಲ್ಲ ಅರ್ಥವಾಯಿತು.

“ಇನ್ಮೇಲೆ ನಿನ್ನ ಮರೆಯಲ್ಲ, ಪುಟ್ಟಿ,” ಎಂದರು.

ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡಳು.

“ಹೋದ ಸಲಾನೂ ಹಂಗೇ ಅಂದಿದ್ದೆ, ಅಜ್ಜಿ.”