ಎಂಜಲು ನೀರು

ಆರ್ಲೀನ್ ಟ್ರಕ್ಕನ್ನು ಹಿಂದಕ್ಕೆ ತಂದು ದೋಣಿಯನ್ನು ಕೆರೆಗೆ ಇಳಿಸಿದಳು. ಟ್ರಕ್ಕನ್ನು ಮೇಲೆ ನಿಲ್ಲಿಸಿ ಬಂದವಳು ಗಂಡನ ಮುಖವನ್ನೂ ನೋಡದೆ ದೋಣಿ ಹತ್ತಿ ಮುಂದಿನ ಕುರ್ಚಿಯಲ್ಲಿ ಕೂತುಬಿಟ್ಟಳು.

"ಅದು ನನ್ ಜಾಗ ಕಣೇ," ಎಂದ ಡೆಲ್ಬರ್ಟ್. ಏಣಿಯಿಂದ ಬಿದ್ದು ಭುಜಕ್ಕೆ ಹೊಲಿಗೆ ಹಾಕಿಸಿಕೊಂಡಿದ್ದ ಅವನ ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಜೋತುಬಿದ್ದಿತ್ತು.

"ಗೊತ್ತು. ಹಿಂದೆ ಹೋಗಿ ಕೂತ್ಕೋ."

"ಡಾಕ್ಟ್ರು ಬೇಡ ಅಂದಿದ್ದು ಬಲಗೈಗೆ ಮಾತ್ರ. ಮೋಟರು ತುಳಿಯೋಕೆ ಕಾಲು ಸಾಕು."

"ಹೌದಾ? ಹಂಗಾದ್ರೆ ಬೆಳಿಗ್ಗೆ ಬೂಟಿನ ದಾರಾನೂ ಕಾಲಲ್ಲೇ ಕಟ್ಕೋಬೋದಿತ್ತಲ್ಲ, ನನ್ನನ್ಯಾಕೆ ಕೂಗ್ದೆ?"

ಡೆಲ್ಬರ್ಟ್ ಗೊಣಗುತ್ತ ಹಿಂದೆ ಹೋಗಿ ಕೂತ. ಬ್ಯಾಸ್ ಮೀನು ಹಿಡಿಯುವವರ ದೋಣಿಯಲ್ಲಿ ಮುಂದಿನ ಕುರ್ಚಿಯೆಂದರೆ ಸಾಮಾನ್ಯವಲ್ಲ, ಸಿಂಹಾಸನ. ಸಣ್ಣ ಮೋಟರು ಅಲ್ಲಿ ಕೂತವರ ಕಾಲಡಿಯಲ್ಲಿರುತ್ತದೆ. ಅವರು ತುಳಿದತ್ತಲೇ ದೋಣಿ ಹೋಗಬೇಕು. ಮೀನು ಅಡಗುವ ಪ್ರತಿ ಪೊದೆಗೂ ಪ್ರತಿ ಬೊಡ್ಡೆಗೂ ಮೊದಲ ಗಾಳ ಅವರದು. ಹಿಂದೆ ಕೂತವರ ಪಾಲಿಗೆ ಉಳಿಯುವುದು ಎಂಜಲು ನೀರು. ಮದುವೆಯಾದ ವಸಂತದಿಂದ ಆರ್ಲೀನ್ ಉಂಡದ್ದು ಅದನ್ನೇ. ಜೊತೆಗೆ ಸ್ಯಾಂಡ್‌ವಿಚ್ ಕೊಡುವುದು, ಗಂಡನ ಮೀನು ದೋಣಿಯ ಹತ್ತಿರ ಬಂದಾಗ ಬಲೆ ಒಡ್ಡುವುದು, ಆಮೇಲೆ ಫೋಟೋ ತೆಗೆಯುವುದು. ಅವರ ಗ್ಯಾರೇಜಿನ ಗೋಡೆ ತುಂಬ ಡೆಲ್ಬರ್ಟ್ ಮತ್ತು ಅವನ ಮೀನುಗಳೇ. ಅದನ್ನು ನೋಡಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

"ಒಂದು ಪಂದ್ಯ ಕಟ್ಟೋಣ," ಎಂದಳು ಆರ್ಲೀನ್. "ಇವತ್ತು ಯಾರ ಮೀನು ದೊಡ್ಡದೋ ಅವರು ಮುಂದಿನ ವಸಂತದವರೆಗೂ ಈ ಕುರ್ಚೀಲಿ ಕೂರೋದು."

ಡೆಲ್ಬರ್ಟನಿಗೆ ನಗು ತಡೆಯಲಾಗಲಿಲ್ಲ. "ಆಯ್ತು ಮಹಾರಾಣಿ. ಒಂದು ಕೈಯಲ್ಲೇ ಗೆಲ್ತೀನಿ. ಆಮೇಲೆ ಅಳಬಾರದು."

ಟೆನೆಸ್ಸಿಯ ಆ ಗುಡ್ಡಗಳಲ್ಲಿ ಡಾಗ್‌ವುಡ್ ಮರ ಬೆಳ್ಳಗೆ ಹೂ ಬಿಟ್ಟಿತೆಂದರೆ ಬ್ಯಾಸ್ ಮೀನು ಮೊಟ್ಟೆಯಿಡಲು ದಡದ ಬೆಚ್ಚನೆಯ ನೀರಿಗೆ ಬರುತ್ತದೆ. ಹೂವೇನೋ ಮರ ತುಂಬ ಇತ್ತು. ಡೆಲ್ಬರ್ಟನ ಎಡಗೈ ಮಾತ್ರ ಮಾತು ಕೇಳಲಿಲ್ಲ. ಅವನ ಮೊದಲ ಗಾಳ ಮರದ ಕೊಂಬೆಗೆ ಸಿಕ್ಕಿತು, ಎರಡನೆಯದು ಆರ್ಲೀನಳ ಟೊಪ್ಪಿಗೆ. ಆದರೆ ಬಾಯಿಗೆ ಪೆಟ್ಟಾಗಿರಲಿಲ್ಲವಲ್ಲ, "ಆ ದಿಮ್ಮಿಯ ಎಡಕ್ಕೆ ಹಾಕು, ಬಲಕ್ಕೆ ಏನೂ ಇಲ್ಲ," ಎಂದು ಹಿಂದಿನಿಂದಲೇ ಆಳತೊಡಗಿದ.

ಬಲಕ್ಕೆ ನೀರೊಳಗೆ ಒಂದು ಮೊಂಡು ಬೊಡ್ಡೆ ಇತ್ತು. ಡೆಲ್ಬರ್ಟ್ ಪ್ರತಿ ವರ್ಷ ಅದನ್ನು ದಾಟಿಕೊಂಡೇ ಹೋಗುತ್ತಿದ್ದ. ಮುಂದೆ ಕೂತವರಿಗೆ ಮುಂದಿನದರ ಆಸೆ. ಏನೇನು ಬಿಟ್ಟುಹೋಯಿತು ಎಂಬುದು ಹಿಂದೆ ಕೂತವರಿಗೇ ಗೊತ್ತು. ಆರ್ಲೀನ್ ಗಾಳಕ್ಕೆ ಸಿಕ್ಕಿಸಿದ ರಬ್ಬರಿನ ಎರೆಹುಳುವನ್ನು ಬೊಡ್ಡೆಯ ಪಕ್ಕಕ್ಕೇ ಬೀಳಿಸಿದಳು. ದಾರ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅವಳು ಕೋಲನ್ನು ಜಗ್ಗಿದ್ದೇ ತಡ, ಅದು ಬಿಲ್ಲಿನಂತೆ ಬಗ್ಗಿತು.

"ಡೆಲ್ಬರ್ಟ್, ಬಲೆ!"

ಮೀನು ಒಮ್ಮೆ ದೋಣಿಯಡಿಗೆ ನುಗ್ಗಿತು, ಒಮ್ಮೆ ನೀರಿಂದ ಮೇಲೆ ಹಾರಿ ತಲೆ ಒದರಿತು. ಅದರ ದಪ್ಪ ಹೊಟ್ಟೆ ಇಬ್ಬರಿಗೂ ಕಂಡಿತು. ಗ್ಯಾರೇಜಿನ ಗೋಡೆಯ ಮೇಲೆ ಅಂಥದ್ದೊಂದೂ ಇರಲಿಲ್ಲ. ಕೊನೆಗೆ ಅದು ಸೋತು ಡೆಲ್ಬರ್ಟನ ಮುಂದೆಯೇ ಮಗ್ಗುಲಾಗಿ ತೇಲಿತು. ಅವನು ಎಡಗೈಯಲ್ಲಿ ಬಲೆ ಹಿಡಿದು ನಿಂತಿದ್ದ, ಆದರೆ ಬಲೆ ನೀರಿಗಿಳಿಯಲಿಲ್ಲ. ಬಲೆಯ ಅಂಚು ದಾರಕ್ಕೆ ಒಂದಿಷ್ಟು ತಾಗಿದರೆ ಸಾಕಿತ್ತು, ಮೀನು ಗಾಳದಿಂದ ಕಳಚಿಕೊಂಡು ಹೋಗುತ್ತಿತ್ತು. ಪಾಪ, ಒಂದೇ ಕೈಯ ಮನುಷ್ಯ, ಯಾರು ತಾನೇ ಬೈದಾರು? ಆ ಮೀನು ಆರ್ಲೀನಳಿಗೆ ಬೇಕಾಗಿತ್ತು, ಬೇಕೇ ಬೇಕಾಗಿತ್ತು.

"ನೀನೇನು ಯೋಚ್ನೆ ಮಾಡ್ತಿದ್ದೀಯ ಅಂತ ನಂಗೊತ್ತು," ಎಂದಳು.

"ನಾನೇನೂ ಯೋಚ್ನೆ ಮಾಡ್ತಿಲ್ಲ."

"ಮಾಡ್ತಿದ್ದೀಯ. ಆ ಬಲೆ ಹಿಡ್ಕೊಂಡು ಅಲ್ಲೇ ಇಷ್ಟು ವರ್ಷ ನಿಂತೋಳು ನಾನು. ಅಲ್ಲಿ ನಿಂತೋರಿಗೆ ಬರೋದು ಅದೊಂದೇ ಯೋಚ್ನೆ."

ಡೆಲ್ಬರ್ಟ್ ಬಾಯಿ ತೆರೆದು ಅವಳನ್ನೇ ನೋಡಿದ. ಆಮೇಲೆ ಬಗ್ಗಿ, ಹಲ್ಲು ಕಚ್ಚಿ, ಒಂದೇ ಕೈಯಲ್ಲಿ ಮೀನನ್ನು ಬಲೆಯೊಳಗೆ ಬಾಚಿ ಎತ್ತಿದ. ನೋವಿಗೆ ಅವನ ಕಣ್ಣಲ್ಲಿ ನೀರು ಬಂತು. ಆರ್ಲೀನಳ ಕಣ್ಣಲ್ಲೂ ನೀರು ಬಂತು, ಅದು ನೋವಿಗಲ್ಲ. ತೂಗಿದರೆ ಒಂಬತ್ತು ಪೌಂಡ್ ದಾಟಿತು. ಫೋಟೋ ಅವನೇ ತೆಗೆದ. ಮೊಟ್ಟೆ ತುಂಬಿದ ಮೀನು ಎಂದು ಅವಳು ಅದನ್ನು ಎರಡೂ ಕೈಯಲ್ಲಿ ನೀರಿಗಿಳಿಸಿ ಬೊಡ್ಡೆಯತ್ತ ಬಿಟ್ಟಳು.

ಅವಳು ಕೈ ಒರೆಸಿಕೊಂಡು ಸಿಂಹಾಸನಕ್ಕೆ ಮರಳಿದಳು. ಹಿಂದೆ ಡೆಲ್ಬರ್ಟ್ ಬಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಆರ್ಲೀನ್."

"ಏನು?"

"ನೀನು... ಬರೀ ಯೋಚ್ನೆ ಮಾಡಿದ್ದು ಅಷ್ಟೇ ತಾನೆ?"

"ಕೊಂಬೆ ಬಂತು, ತಲೆ ಬಗ್ಗಿಸು," ಎಂದು ಆರ್ಲೀನ್ ಮೋಟರು ತುಳಿದಳು.

ದೋಣಿ ಹೂವಿನ ಕೊಂಬೆಯಡಿ ನುಸುಳಿ ಮುಂದಿನ ಪೊದೆಯತ್ತ ಹೊರಟಿತು. ಹಿಂದೆ ಡೆಲ್ಬರ್ಟ್ ತನ್ನಷ್ಟಕ್ಕೆ ಗೊಣಗುವುದು ಅವಳಿಗೆ ಕೇಳಿಸುತ್ತಲೇ ಇತ್ತು: "ಈಸ್ಟರ್ ಹಿಂದಿನ ದಿನ ಸೇತುವೆ ಕೆಳಗೆ ತಪ್ಪಿಸ್ಕೊಂಡಿದ್ದು... ನಮ್ಮಮ್ಮ ಬಂದು ಮನೇಲಿ ಠಿಕಾಣಿ ಹೂಡಿದ್ದ ವರ್ಷ ಬಲೆಯಿಂದ್ಲೇ ಹಾರಿದ್ದು... ಅಯ್ಯೋ, ಆ ದೊಡ್ಡದು..."