ನಾಲ್ಕು ಕೆಂಪು ಚುಕ್ಕೆ

ಅರ್ಜಿಯ ಕೊನೆಯಲ್ಲಿದ್ದ ‘ನಿರೀಕ್ಷಿಸುವ ಅಂಕ’ ಎಂಬ ಸಾಲು ಓದಿದ ಮರ್ಲ್ ಹಾಸ್ಟೆಟ್ಲರ್ ಅದನ್ನು ಗಾಜಿನ ಮೇಜಿನ ಮೇಲೆ ವಾಪಸು ತಳ್ಳಿದ.

“ಎಂಟಾ? ಹತ್ತಕ್ಕೆ ಎಂಟು? ಮೇಡಂ, ಇಲ್ಲಿಗೆ ಬರೋರೆಲ್ಲ ಎಂಟು ಅಂತಲೇ ಬರೀತಾರೆ. ಬರೋದು ಮೂರು. ಆಮೇಲೆ ನನ್ನ ಮೇಲೆ ಕೂಗಾಡ್ತಾರೆ.”

“ನಾನು ಕೂಗಾಡೋಕೆ ಬಂದಿಲ್ಲ,” ಎಂದಳು ಹೆಂಗಸು. “ಕಾರ್ಡು ಮಾರಿದೋರು ಎಂಟು ಅಂದಿದ್ರು. ಅಲ್ಲ ಅನ್ನೋದಾದ್ರೆ ಯಾಕೆ ಅಲ್ಲ ಅಂತ ಹೇಳಿ. ನಿಮ್ಮ ಬಾಯಿಂದಲೇ ಕೇಳಬೇಕು.”

ಅರ್ಜಿಯಲ್ಲಿದ್ದ ಹೆಸರು ಬರ್ನಡೀನ್ ಕೋವ್ಯಾಚ್. ಅರವತ್ತು ದಾಟಿದ ವಯಸ್ಸು. ಕುರ್ಚಿ ತೋರಿಸಿದರೂ ಕೂತಿರಲಿಲ್ಲ, ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.

ಓಹಾಯೋದ ಆ ಸಣ್ಣ ಊರಿನಲ್ಲಿ ಮರ್ಲ್ ನಲವತ್ತು ವರ್ಷದಿಂದ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳ ಅಂಗಡಿ ಇಟ್ಟಿದ್ದ. ಜನ ತಂದ ಹಳೆಯ ಕಾರ್ಡುಗಳನ್ನು, ಅವುಗಳ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಕಂಪನಿಗೆ ಕಳಿಸುವುದು ಅವನ ಅರ್ಧ ಕಸುಬು. ಕಳಿಸುವ ಮುಂಚೆ ಅವರ ಆಸೆಗೆ ತಣ್ಣೀರೆರಚುವುದು ಇನ್ನರ್ಧ, ಮತ್ತು ಅದನ್ನು ಅವನು ಬಲು ಖುಷಿಯಿಂದಲೇ ಮಾಡುತ್ತಿದ್ದ. ಬೆನ್ನ ಹಿಂದಿನ ಗೋಡೆಯ ಮೇಲೆ ಅವನೇ ಬರೆಸಿದ ಫಲಕವಿತ್ತು: ‘ಕೈಯಾಡಿಸದ ಕಾರ್ಡು, ಕಪಟವಿಲ್ಲದ ಮಾತು.’

ಆಕೆ ಕೈಚೀಲದಿಂದ ದಪ್ಪ ಪ್ಲಾಸ್ಟಿಕ್ಕಿನ ಹಳೆಯ ಪೆಟ್ಟಿಗೆಯೊಂದನ್ನು ತೆಗೆದಿಟ್ಟಳು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಒಳಗೆ 1953ರ ಕಾರ್ಡಿನಲ್ಲಿ ಎಡಗೈ ಪಿಚರ್ ಡೋರ್ಸೆಟ್ ಹಲ್ಲು ಕಿರಿಯುತ್ತಿದ್ದ. ಇಂಥ ಡೋರ್ಸೆಟ್‌ಗಳು ಮರ್ಲ್‌ನ ಕೈಯಿಂದ ನೂರಾರು ದಾಟಿದ್ದವು.

“ಯಜಮಾನರದ್ದಾ?”

“ಹೌದು, ಎಮಿಲ್‌ದು. ಹೋದ ವರ್ಷ ಕಾರ್ಡ್ ಮೇಳಕ್ಕೆ ತಗೊಂಡು ಹೋಗಿದ್ರು. ಅಲ್ಲಿಯೋರು ಪೆಟ್ಟಿಗೆ ಮೇಲಿಂದಲೇ ನೋಡಿ, ಹೊಸದಾಗಿ ಕಾಣಲಿ ಅಂತ ಅಂಚು ಕತ್ತರಿಸಿದ ಕಾರ್ಡು ಅಂದ್ರು. ಎಮಿಲ್ಲೇ ಕತ್ತರಿಸಿದಾನೆ ಅಂತ ಎಲ್ಲರೆದುರು ಹೊರಗೆ ಹಾಕಿದ್ರು. ಮಾರ್ಚಲ್ಲಿ ಎಮಿಲ್ ತೀರಿಕೊಂಡ್ರು. ಮೂವತ್ತು ವರ್ಷ ಜೊತೆಗೆ ಕಾರ್ಡು ಕೂಡಿಸಿದ ಗೆಳೆಯರು, ಮಣ್ಣಿಗೂ ಒಬ್ಬರೂ ಬರಲಿಲ್ಲ.” ಆಕೆ ಪೆಟ್ಟಿಗೆಯನ್ನು ಅವನತ್ತ ಸರಿಸಿದಳು. “ನನ್ನ ಗಂಡ ಕತ್ತರಿಸಿಲ್ಲ. ಅದು ನನಗೆ ಬರಹದಲ್ಲಿ ಬೇಕು.”

ಸತ್ತ ಮೇಲೆ ಎಲ್ಲರ ಗಂಡಂದಿರೂ ಸತ್ಯಹರಿಶ್ಚಂದ್ರರೇ. ಮರ್ಲ್‌ಗೆ ನಗು ಬಂತು. ಸ್ಕ್ರೂಡ್ರೈವರ್ ಎತ್ತಿಕೊಂಡ.

ಆಕೆ ಪೆಟ್ಟಿಗೆಯ ಮೇಲೆ ಅಂಗೈ ಅಡ್ಡ ಇಟ್ಟಳು. “ತೆಗೆಯೋ ಮುಂಚೆ ಆ ಕೆಂಪು ಚುಕ್ಕೆ ನೋಡಿ.”

ಪ್ರತಿ ಸ್ಕ್ರೂವಿನ ತಲೆಯ ಮೇಲೂ ಉಗುರುಬಣ್ಣದ ಒಂದೊಂದು ಚುಕ್ಕೆ. ಇಂಥ ಪೆಟ್ಟಿಗೆಗಳ ಕಾಲದಲ್ಲಿ ವ್ಯಾಪಾರಿಗಳೆಲ್ಲ ಕಾರ್ಡು ಮುಚ್ಚಿ ಮಾರುವ ಮುಂಚೆ ಹಚ್ಚುತ್ತಿದ್ದರು. ಆಮೇಲೆ ಯಾರಾದರೂ ಸ್ಕ್ರೂ ತಿರುಗಿಸಿದರೆ ಬಣ್ಣ ಬಿರುಕು ಬಿಡುತ್ತದೆ. ಮರ್ಲ್ ಭೂತಗನ್ನಡಿ ಹಿಡಿದು ನಾಲ್ಕನ್ನೂ ನೋಡಿದ. ಇನ್ನೊಮ್ಮೆ ನೋಡಿದ. ಒಪ್ಪಲು ಮನಸ್ಸಿರಲಿಲ್ಲ, ಆದರೆ ಕಸುಬಿನ ಕಣ್ಣು ಸುಳ್ಳು ಹೇಳಲಿಲ್ಲ.

“ಒಡೆದಿಲ್ಲ. ಮುಚ್ಚಿದ ಮೇಲೆ ಯಾರೂ ತೆಗೆದಿಲ್ಲ.”

“ಅಂದ್ರೆ?”

“ಅಂದ್ರೆ ನಿಮ್ಮ ಯಜಮಾನರು ಕಾರ್ಡು ಮುಟ್ಟೇ ಇಲ್ಲ. ಸಾಕಾ?”

ಬರ್ನಡೀನ್ ಒಂದು ಕ್ಷಣ ಕಣ್ಣು ಮುಚ್ಚಿದಳು. “ಸಾಲದು. ಈಗ ತೆಗೀರಿ.”

ಬಣ್ಣ ಕೆರೆದು, ಸ್ಕ್ರೂ ಬಿಚ್ಚಿ, ಮರ್ಲ್ ಕಾರ್ಡನ್ನು ಅಳತೆಪಟ್ಟಿಯ ಮೇಲಿಟ್ಟ. ಅಗಲ ಒಂದು ಎಳ್ಳಿನಷ್ಟು ಕಡಿಮೆ. ಮೂರು ಅಂಚು ವಯಸ್ಸಿಗೆ ತಕ್ಕಂತೆ ಮಾಸಿದ್ದವು, ಒಂದು ಮಾತ್ರ ಬೆಳ್ಳಗಿತ್ತು. ಪಾಠ ಹೇಳುವ ಹುರುಪು ಬಂತು ಅವನಿಗೆ.

“ನೋಡಿ ಇಲ್ಲಿ, ಮೂಲೇಲಿ ಸಣ್ಣ ಕೊಕ್ಕೆ. ಇದು ಬ್ಲೇಡಿನ ಕೆಲಸ ಅಲ್ಲ. ಹಿಡಿ ಒತ್ತೋ ಕಾಗದ ಕತ್ತರಿಸೋ ಯಂತ್ರ. ಕತ್ತರಿಸ್ತಾ ಕೊನೇಲಿ ಅಂಚನ್ನ ಎಳೆದುಬಿಡುತ್ತೆ. ಅಗೋ, ಅಂಥದ್ದೇ.” ಹಿಂದಿನ ಕಪಾಟಿನ ಮೇಲಿದ್ದ ತನ್ನದೇ ಹಳೆಯ ಯಂತ್ರದತ್ತ ಗದ್ದ ಎತ್ತಿ ತೋರಿಸಿದ. ಈಗ ಅದರಲ್ಲಿ ಬೆಲೆಚೀಟಿ ಮಾತ್ರ ಕತ್ತರಿಸುತ್ತಿದ್ದ.

ಆಕೆ ಯಂತ್ರವನ್ನು ಬಹಳ ಹೊತ್ತು ನೋಡಿದಳು. “ಪೆಟ್ಟಿಗೆ ಮುಚ್ಚಿದ ವ್ಯಾಪಾರಿಗೆ ಇದು ಗೊತ್ತಾಗದೇ ಇರಬಹುದಾ?”

“ಕಸುಬು ಗೊತ್ತಿರೋನಿಗಾ? ಸಾಧ್ಯವೇ ಇಲ್ಲ. ಕತ್ತರಿಸಿದೋನೇ ಮುಚ್ಚಿದಾನೆ. ಶುದ್ಧ ಕಳ್ಳ. ನಿಮ್ಮ ಯಜಮಾನರಿಗೆ ಚೆನ್ನಾಗಿ ಟೋಪಿ ಹಾಕಿದಾನೆ. ಇಂಥೋರಿಂದಲೇ ನಮಗೆಲ್ಲ ಕೆಟ್ಟ ಹೆಸರು.”

“ಬರೆದು ಕೊಡಿ.”

“ಅದೆಲ್ಲ ಯಾಕೆ? ಬಾಯಲ್ಲಿ ಹೇಳಿದೆನಲ್ಲ.”

“ಯಾಕೆ, ಭಯಾನಾ?”

ಮಾತು ನಾಟಿತು. ಮರ್ಲ್ ಅಂಗಡಿಯ ಹೆಸರಿದ್ದ ಹಾಳೆ ಎಳೆದುಕೊಂಡ. ಹೇಳಿದ್ದನ್ನೆಲ್ಲ ಬರೆದ. ‘ಕಳ್ಳ’ ಎಂಬ ಪದವನ್ನೂ ಬಿಡಲಿಲ್ಲ. ಕೆಳಗೆ ಉದ್ದ ಬಾಲದ ಸಹಿ ಹಾಕಿ ಹಾಳೆಯನ್ನು ಆಕೆಯತ್ತ ತಿರುಗಿಸಿದ.

“ತಗೊಳ್ಳಿ. ಇನ್ನು ಅಂಕದ ಆಸೆ ಬಿಡಿ. ಎಂಟೂ ಇಲ್ಲ, ಮೂರೂ ಇಲ್ಲ. ‘ಕತ್ತರಿಸಿದ್ದು’ ಅಂತ ಚೀಟಿ ಅಂಟಿಸಿ ವಾಪಸು ಕಳಿಸ್ತಾರೆ.”

“ಕಳಿಸೋಕೆ ತಂದಿದ್ದಲ್ಲ.”

“ಮತ್ತೆ ನನ್ನ ಹೊತ್ತು ಯಾಕೆ ಹಾಳು ಮಾಡಿದ್ರಿ? ಕಾರ್ಡು ನೋಡೋರು ಊರಲ್ಲಿ ಇನ್ನೂ ಇಬ್ಬರಿದ್ದಾರೆ.”

“ಅವರು ಹೇಳಿದ್ರೆ ಪ್ರಯೋಜನ ಇರಲಿಲ್ಲ.”

ಬರ್ನಡೀನ್ ಮತ್ತೆ ಕೈಚೀಲ ತೆರೆದಳು. ಎಮಿಲ್ ಸತ್ತ ಮೇಲೆ ಗ್ಯಾರೇಜಿನ ತಗಡಿನ ಡಬ್ಬದಲ್ಲಿ ಸಿಕ್ಕ ಹಳದಿ ರಸೀದಿಯನ್ನು ತೆಗೆದು, ಮಡಿಕೆ ಬಿಡಿಸಿ, ಮರ್ಲ್ ಬರೆದ ಹಾಳೆಯ ಪಕ್ಕಕ್ಕಿಟ್ಟಳು. ‘1988, ಅಕ್ಟೋಬರ್. ಡೋರ್ಸೆಟ್, ಹತ್ತಕ್ಕೆ ಎಂಟು. ಅಂಚು ಅಪ್ಪಟ. ನನ್ನ ಕೈಯಾರೆ ಮುಚ್ಚಿ ಬಣ್ಣ ಹಚ್ಚಿದ್ದೇನೆ.’

ಎರಡರ ಕೆಳಗೂ ಅದೇ ಉದ್ದ ಬಾಲದ ಸಹಿ ಇತ್ತು.