ಪೀರೆತ್ ಒಪ್ಪಬೇಕು

ಎರಡೂವರೆಗೆ ಪೀರೆತ್ ಮತ್ತೆ ತಿರಸ್ಕರಿಸಿದಳು. ಇದು ಮೂರನೆಯ ಸಲ.

ಲ್ಯುಬೆನ್ ಕಂಪ್ಯೂಟರಿನ ಮುಂದೆ ಬೆವರುತ್ತಿದ್ದ. ಪೀರೆತ್ ಎಸ್ತೋನಿಯಾದಲ್ಲೆಲ್ಲೋ ಕೂತು, ತಂತ್ರಾಂಶ ಕಂಪನಿಗೆ ಬರುವ ತಿದ್ದುಪಡಿಗಳಲ್ಲಿ ತಪ್ಪು ಹುಡುಕುವವಳು. ಇವನು ಬಲ್ಗೇರಿಯಾದ ವ್ರಾತ್ಸಾದಲ್ಲಿ, ಅಡುಗೆಮನೆಯ ಮೇಜಿನ ಮುಂದೆ. ಕಂಪನಿಗೆ ಕಟ್ಟಡವೆಂಬುದೇ ಇಲ್ಲ. ಅದರದು ಮುಕ್ತ ತಂತ್ರಾಂಶ: ಬರೆದ ಪ್ರತಿಯೊಂದು ಸಾಲನ್ನೂ ಲೋಕವೆಲ್ಲ ಓದಬಹುದು, ತಿದ್ದಿ ಕಳಿಸಬಹುದು. ಕಂಪನಿ ಒಪ್ಪಿದರೆ ಸೇರಿತು, ಇಲ್ಲವಾದರೆ ಕಸ. ಯಾರ ಮುಖವೂ ಯಾರಿಗೂ ಗೊತ್ತಿಲ್ಲ. ಇಟ್ಟುಕೊಂಡ ಅಡ್ಡಹೆಸರುಗಳಲ್ಲೇ ವ್ಯವಹಾರ.

ಐದು ದಿನದಿಂದ ಆ ತಂತ್ರಾಂಶದಲ್ಲೊಂದು ದೋಷ ಎಲ್ಲರನ್ನೂ ಗೋಳುಹೊಯ್ದುಕೊಳ್ಳುತ್ತಿತ್ತು. ಜನ ಉಳಿಸಿಟ್ಟ ಕಡತಗಳು ಹೇಳದೆ ಕೇಳದೆ ಅಳಿಸಿಹೋಗುತ್ತಿದ್ದವು. ಆ ಭಾಗವನ್ನು ಒಂಬತ್ತು ವರ್ಷದ ಹಿಂದೆ ಬರೆದವನು ಲ್ಯುಬೆನ್. ಈಗ ತಾನು ಬರೆದ ತಿದ್ದುಪಡಿಯನ್ನು ಸಂಜೆ ನಾಲ್ಕರೊಳಗೆ ಪೀರೆತ್ ಒಪ್ಪಿದರೆ ತನಗೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಅವನು ತೀರ್ಮಾನಿಸಿಕೊಂಡಿದ್ದ.

ನಾಲ್ಕಕ್ಕೆ ಅವನ ಹೆಂಡತಿ ವೆಸೆಲಾ ಹೊಲಿಗೆ ಕಾರ್ಖಾನೆಯಲ್ಲಿ ರಾಜೀನಾಮೆ ಕೊಡುವವಳಿದ್ದಳು. ಹದಿನಾಲ್ಕು ವರ್ಷ ಕೋಟು ಹೊಲಿದು ಅವಳ ಬಲಗೈಯ ಎರಡು ಬೆರಳು ಮರಗಟ್ಟಿದ್ದವು. "ನಿನ್ನ ಕೆಲ್ಸ ಗಟ್ಟಿ ಇದ್ಯಲ್ಲ, ಇನ್ನೇನು" ಎಂದು ಬೆಳಿಗ್ಗೆ ಅವನ ತಲೆ ಸವರಿ ಹೋಗಿದ್ದಳು. ಅವನು ಕತ್ತೆತ್ತಿರಲಿಲ್ಲ.

ಬಾಲ್ಕನಿಯಲ್ಲಿ ಅತ್ತೆ ಸ್ತೊಯಾಂಕಾ ಚಳಿಗಾಲದ ದಾಸ್ತಾನಿಗೆ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದಳು.

"ಸುಮ್ನೆ ಕೂತಿದ್ದೀಯಲ್ಲಪ್ಪಾ, ಬಂದು ಒಂದು ಬುಟ್ಟಿ ಸಿಪ್ಪೆ ಸುಲಿ."

"ಕೆಲಸ ಇದೆ ಅತ್ತೆ."

"ಪೈಜಾಮ ಹಾಕ್ಕೊಂಡು ಮಾಡೋದೂ ಒಂದು ಕೆಲಸಾನಾ? ಕೆಳಗಿನ ಮನೆಯವಳು ಕೇಳ್ತಿದ್ಲು, ನಿಮ್ಮಳಿಯನಿಗೆ ಇನ್ನೂ ಎಲ್ಲೂ ಸಿಕ್ಕಿಲ್ವಾ ಅಂತ."

ಒಂಬತ್ತು ವರ್ಷದಿಂದ ಇದೇ ತಮಾಷೆ. ಪ್ರತಿ ಸಲವೂ ಅವನು ನಗುತ್ತಿದ್ದ. ಇವತ್ತು ನಗು ಬರಲಿಲ್ಲ.

ಹಳೆಯ ಕಂಪ್ಯೂಟರ್ ಬೇರೆ ತೆವಳುತ್ತಿತ್ತು. ಕಂಪನಿಯ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದೆ ಎಂದು ವೆಸೆಲಾಗೆ ಹೇಳಿದ್ದ. ಪೀರೆತ್ ಬರೆದ ಟಿಪ್ಪಣಿಯನ್ನು ಮತ್ತೆ ಓದಿದ. "ಇದು ನಮ್ಮ ಪದ್ಧತಿಗೆ ಹೊಂದಲ್ಲ. ನಿಯಮಗಳ ಪುಟ ಒಂದ್ಸಲ ಓದ್ಕೊಳ್ಳಿ."

ಆ ಪುಟ ಬರೆದವನೂ ಅವನೇ. ಹೇಳಿಬಿಡೋಣ ಎಂದು ಕೈ ತುರಿಸಿತು. ಬೇಡ, ಮೊದಲು ಒಪ್ಪಲಿ, ಆಮೇಲೆ ಹೇಳಿದರಾಯಿತು. ಪೀರೆತ್ ಹೊಸಬಳು, ಅವಳ ಪಾಲಿಗೆ ಇವನೊಂದು ಹೊಸ ಅಡ್ಡಹೆಸರು, ಅಷ್ಟೇ. "ಕ್ಷಮಿಸಿ, ಸರಿ ಮಾಡ್ತೀನಿ" ಎಂದು ಬರೆದು ಅವಮಾನ ನುಂಗಿಕೊಂಡ.

ಮೂರೂವರೆಗೆ ನಾಲ್ಕನೆಯ ಸಲ ಕಳಿಸಿದ. ಉತ್ತರವಿಲ್ಲ. ಎದ್ದು ಹೋಗಿ ಕೈಕಾಲು ಹಿಡಿಯೋಣವೆಂದರೆ ಅವಳೇನು ಪಕ್ಕದ ಕೋಣೆಯಲ್ಲಿದ್ದಾಳೆಯೇ? ದೇವರೇ, ಇದೊಂದು ಸಲ ಎಂದು ಮೇಜಿನಂಚು ಹಿಡಿದು ಕೂತ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ವೆಸೆಲಾ ಫೋನ್ ಮಾಡಿದಳು.

"ಮ್ಯಾನೇಜರ್ ಬಾಗಿಲ ಹತ್ರಾನೇ ನಿಂತಿದ್ದೀನಿ. ಕೊಡ್ಲಾ? ಯಾಕೋ ಭಯ ಆಗ್ತಿದೆ ಕಣೋ."

"ಒಂದು ನಿಮಿಷ ಇರು."

"ಯಾಕೆ? ನಿನ್ನ ಕಡೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಗುರುತು ಬಂತು. ಪೀರೆತ್ ಒಪ್ಪಿದ್ದಳು. ಅವನು ಬರೆದದ್ದು ಸೇರಿಹೋಗಿತ್ತು. ಲ್ಯುಬೆನ್‌ಗೆ ಅಳು ತಡೆಯಲಾಗಲಿಲ್ಲ. ತಾನಿಲ್ಲದೆ ಅವರಿಗೆ ನಡೆಯದೆಂದು ಇನ್ನಾದರೂ ಗೊತ್ತಾಗುತ್ತದೆ.

"ಏನೂ ಇಲ್ಲ. ಕೊಟ್ಟುಬಿಡು," ಎಂದ.

ಅವಳು ಬಾಗಿಲು ತಟ್ಟಿದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು. ಅವನು ಕಣ್ಣೊರೆಸಿಕೊಂಡು ತನ್ನ ಹೆಸರು ಹೇಳಲು ಟೈಪ್ ಮಾಡತೊಡಗಿದ. ಅಷ್ಟರೊಳಗೆ ಪೀರೆತ್ ಬರೆದಿದ್ದಳು:

"ದೊಡ್ಡ ಉಪಕಾರ ಆಯ್ತು. ಈ ಭಾಗಾನ ಮೊದಲು ಬರೆದಿದ್ದ ಲ್ಯುಬೆನ್ ಅನ್ನೋರನ್ನ ಮೂರು ವಾರದ ಹಿಂದೆ ಕೆಲಸದಿಂದ ತೆಗೆದ್ರು, ಅವರಿಲ್ದೆ ಆಗಲ್ಲ, ನಾಲ್ಕು ಗಂಟೆಗೆ ವಾಪಸ್ ಕರೆಯೋಣ ಅಂತ ಇವತ್ತು ತೀರ್ಮಾನ ಆಗಿತ್ತು; ಹೊರಗಿನವರಾಗಿ ನೀವೇ ಬಿಟ್ಟಿ ಮಾಡಿಕೊಟ್ರಲ್ಲ, ಇನ್ನು ಅವರು ಬೇಕಾಗಿಲ್ಲ."